ಮಲಾವಿಗೆ ನಲವತ್ತು ಮನೆ

ಗುಳೇದಗುಡ್ಡದ ಸುನಂದಾ ಜೀವನದಲ್ಲಿ ಅತಿ ದೂರ ಹೋದದ್ದೆಂದರೆ ಮೀರಜಿನ ದವಾಖಾನೆಗೆ, ಅದೂ ಅತ್ತೆಯ ಕಣ್ಣಿನ ಆಪರೇಶನ್ನಿಗೆ. ಅಂಥವಳಿಗೆ ನಲವತ್ತಾರನೇ ವಯಸ್ಸಿನಲ್ಲಿ ಆಫ್ರಿಕಾದಿಂದ ಕರೆ ಬಂತು. ಮಲಾವಿ ಎಂಬ ದೇಶದಲ್ಲಿ, ದೊಡ್ಡ ಸರೋವರವೊಂದರ ದಂಡೆಯ ಊರಿನಲ್ಲಿ, ಅಲ್ಲಿನ ಕ್ರೈಸ್ತ ಸಭೆಯವರು ಹೆಣ್ಣುಮಕ್ಕಳಿಗಾಗಿ ಕೈಮಗ್ಗದ ಶಾಲೆ ತೆರೆದಿದ್ದರು. ಮಗ್ಗ ಬಂದಿತ್ತು, ನೂಲು ಬಂದಿತ್ತು, ಕಲಿಸುವವರು ಮಾತ್ರ ಇರಲಿಲ್ಲ. ನೇಯುವುದನ್ನು ಕಲಿಸಬೇಕು, ದೇವರ ಮಾತು ಹೇಳಬೇಕು, ಮೂರು ವರ್ಷ ಅಲ್ಲೇ ಇರಬೇಕು. ಹುಬ್ಬಳ್ಳಿಯ ಮಿಶನ್ ಮಂಡಳಿಯವರು ಈ ಕೆಲಸಕ್ಕೆ ರವಿಕೆಯ ಖಣ ನೇಯುವ ಸುನಂದಾಳನ್ನೂ, ಮಗ್ಗ ರಿಪೇರಿ ಮಾಡುವ ಅವಳ ಗಂಡ ಕರುಣಾಕರನನ್ನೂ ಆರಿಸಿದ್ದರು. ಮುತ್ತಜ್ಜನ ಕಾಲದಲ್ಲಿ ಕಡಲು ದಾಟಿ ಬಂದ ಪಾದ್ರಿಗಳಿಂದ ಕ್ರೈಸ್ತರಾದ ಮನೆತನ ಅದು. ಈಗ ಇಲ್ಲಿಂದಲೇ ಕಡಲು ದಾಟುವ ಪಾಳಿ ಬಂದಿತ್ತು.

ಪತ್ರ ಬಂದ ದಿನ ಮಗ್ಗದಿಂದ ಎದ್ದ ಸುನಂದಾ ಸಂಜೆಯವರೆಗೂ ಮತ್ತೆ ಕೂರಲಿಲ್ಲ. ಹಾಲಿನವನಿಗೆ ಹೇಳಿದಳು, ಎದುರುಮನೆಯ ಶಾರವ್ವನಿಗೆ ಹೇಳಿದಳು, ಗಿರಣಿಗೆ ಜೋಳ ತಂದವರಿಗೆಲ್ಲ ಹೇಳಿದಳು. ಮಗಳ ಹಳೆಯ ಭೂಪಟದ ಪುಸ್ತಕ ಹುಡುಕಿ ತೆಗೆದು, ಅದರಲ್ಲಿ ಗುಳೇದಗುಡ್ಡ ಇಲ್ಲದ್ದಕ್ಕೆ ಪುಸ್ತಕ ಮಾಡಿದವರನ್ನು ಚೆನ್ನಾಗಿ ಬೈದು, ಬಾಗಲಕೋಟೆಯ ಚುಕ್ಕೆಯಿಂದ ಮಲಾವಿಯವರೆಗೆ ರೇಷ್ಮೆ ಎಳೆ ಹಿಡಿದು ಅಳೆದಳು.

“ಒಂದ್ ಗೇಣೂ ಆಗಂಗಿಲ್ಲ ನೋಡ್ರಿ!” ಎಂದಳು ಗಂಡನಿಗೆ.

“ಆ ಗೇಣಿನಾಗ ಸಮುದ್ರ ಐತಿ,” ಎಂದ ಕರುಣಾಕರ. ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ಅವನ ಕಸುಬು. ಆದರೆ ಅವನೂ ಆ ವಾರ ಪಾನಾ, ಇಕ್ಕಳಗಳನ್ನೆಲ್ಲ ಎಣ್ಣೆ ಹಚ್ಚಿ ಒರೆಸಿಟ್ಟ. ಬಾಯಲ್ಲಿ ಸಮುದ್ರ ಇದ್ದರೂ ಕೈ ಆಗಲೇ ಗಂಟು ಕಟ್ಟುತ್ತಿತ್ತು.

ಹೊರಡಬೇಕಾದರೆ ಮಂಡಳಿಯ ಒಂದು ಕರಾರಿತ್ತು. ಅಲ್ಲಿನ ಖರ್ಚನ್ನು ಮಂಡಳಿ ಕೊಡುವುದಿಲ್ಲ. ಹೋಗುವವರೇ ಬೆಂಬಲದ ಮನೆಗಳನ್ನು ಹುಡುಕಬೇಕು. ಸಭೆಗೆ ಸೇರಿದ ನಲವತ್ತು ಮನೆಗಳು ಕಾರ್ಡು ತುಂಬಿ ಕೊಡಬೇಕು. ಕಾರ್ಡಿನಲ್ಲಿ ಮೂರೇ ಸಾಲು: ಮನೆಯವರ ಹೆಸರು, ಕೊಡುವುದೇನು, ಎಷ್ಟು ಅವಧಿಗೆ. ಆಗಸ್ಟ್ ಮೂವತ್ತೊಂದರ ಸಂಜೆ ಐದರೊಳಗೆ ನಲವತ್ತು ಕಾರ್ಡಿನ ಫೋಟೊ ಕಾರ್ಯದರ್ಶಿಯ ಮೊಬೈಲಿಗೆ ಬರಬೇಕು. ಮೂವತ್ತೊಂಬತ್ತು ಬಂದರೆ ಬೇರೆಯವರನ್ನು ಕಳಿಸುತ್ತಾರೆ.

ಗುಳೇದಗುಡ್ಡದ ಸಭೆಯಲ್ಲೇ ಹದಿನೇಳು ಕಾರ್ಡು ಆದವು. ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರೇ ನಿಂತು ಕೇಳಿದರು, ಜನ ಸಾಲು ಹಚ್ಚಿ ಬರೆದರು. ಸುನಂದಾ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ, ಅದೇ ಮುಂದೆ ಮುಳುವಾಯಿತು. ಕೇಳುವುದೆಂದರೆ ಇಷ್ಟು ಸಲೀಸು ಎಂದುಕೊಂಡು, ಉಳಿದ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಗಂಡ ಹೆಂಡತಿ ಬಸ್ಸು ಹತ್ತಿದರು. ಅವಳಿಗೆ ಟಿಕೆಟ್ ಪುಕ್ಕಟೆ, ಅವನಿಗೆ ಇಲ್ಲ. ಅವನು ಪ್ರತಿ ಸಲವೂ ಕಂಡಕ್ಟರನಿಗೆ ದುಡ್ಡು ಕೊಡುತ್ತ ಇವಳ ಮುಖ ನೋಡುವುದು, ಇವಳು ಕಿಟಕಿಯ ಕಡೆ ತಿರುಗಿ ನಗುವುದು ನಡೆದೇ ಇತ್ತು.

ಮೊದಲ ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ಪ್ರಿಯದರ್ಶಿನಿಯವರದು. ಸುನಂದಾಳ ಮಾತು ಬಲು ಸೊಗಸಾಗಿ ಹೊರಟಿತು. ಸರೋವರ ಎಷ್ಟು ದೊಡ್ಡದು, ಅಲ್ಲಿನ ಹುಡುಗಿಯರು ಹೇಗೆ ಹಾಡುತ್ತಾರೆ, ಮಗ್ಗ ಎಲ್ಲಿ ಇಟ್ಟಿದ್ದಾರೆ, ಎಲ್ಲವನ್ನೂ ತಾನೇ ನೋಡಿ ಬಂದವಳಂತೆ ಹೇಳಿದಳು. ಕೇಳುತ್ತ ಕೇಳುತ್ತ ಪ್ರಿಯದರ್ಶಿನಿಯವರ ಕಣ್ಣು ತುಂಬಿತು. ಇನ್ನೇನು ಕಾರ್ಡು ತೆಗೆಯಬೇಕು, ಅಷ್ಟರಲ್ಲಿ ಅವರೇ ಒಳಗೆ ಹೋಗಿ ತಟ್ಟೆಯಲ್ಲಿ ಖಣ, ತೆಂಗಿನಕಾಯಿ, ಐದು ಹಿಡಿ ಅಕ್ಕಿ ಹಿಡಿದುಕೊಂಡು ಬಂದರು.

“ಸಮುದ್ರ ದಾಟಿ ಹೊಂಟೀರಿ. ಬರೀ ಉಡೀಲೆ ಕಳಿಸಬಾರದು. ಸೆರಗು ಒಡ್ರಿ.”

ಒಂದು ಸಣ್ಣ ಪ್ರಾರ್ಥನೆ ಹೇಳಿ ಉಡಿ ತುಂಬಿದರು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಡಿ ತುಂಬಿಸಿಕೊಂಡವಳು ಎದ್ದು ಹೊರಡಬೇಕು. ಮತ್ತೆ ಕುರ್ಚಿಯ ಮೇಲೆ ಕುಳಿತು ವ್ಯವಹಾರ ಮಾತಾಡುವಂತಿಲ್ಲ. ಸೆರಗಿನಲ್ಲಿ ಕಾಯಿ ಅಕ್ಕಿ ಕಟ್ಟಿಕೊಂಡು, ಬರ್ತೇನ್ರಿ ಎಂದು ಸುನಂದಾ ಹೊರಬಿದ್ದಳು. ಕಾರ್ಡು ಚೀಲದಲ್ಲೇ ಉಳಿಯಿತು.

ಎರಡನೇ ಮನೆಯಲ್ಲೂ ಹಾಗೇ ಆಯಿತು, ಮೂರನೆಯದರಲ್ಲೂ. ಅವಳ ಮಾತಿನ ಸೊಗಸೇ ಅವಳಿಗೆ ಶತ್ರುವಾಯಿತು. ಚೆನ್ನಾಗಿ ಹೇಳಿದಷ್ಟೂ ಬೇಗ ತಟ್ಟೆ ಬರುತ್ತಿತ್ತು. ಹೆಂಗಸರ ನಡುವೆ ಬಾಯಿ ಹಾಕಲು ಕರುಣಾಕರನಿಗೆ ಆಗದು. ಅವನು ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತಿರುತ್ತಿದ್ದ. ಅದರ ಮೇಲೆ ಕೊಟ್ಟ ಖಣವನ್ನೆಲ್ಲ ತಿರುಗಿಸಿ ಹಿಂಬದಿ ನೋಡುವುದು ನೇಕಾರ್ತಿಯ ಚಟ. ಹುನಗುಂದದಲ್ಲಿ ಹಾಗೆ ಒಂದನ್ನು ತಿರುಗಿಸಿದರೆ, ಅದು ಅವಳೇ ಹೋದ ವರ್ಷ ನೇಯ್ದದ್ದು. ಚೊಕ್ಕ ಕೈ ಎಂದು ಮೆಚ್ಚಿ ನಕ್ಕಳು. ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ.

ಬಾದಾಮಿಯಲ್ಲಿ ಮಾತ್ರ ಒಂದು ಮನೆಯಲ್ಲಿ ಉಡಿ ತುಂಬಲಿಲ್ಲ. ಅದು ಅವಳ ಮಗಳು ಅನುರಾಧಾಳ ಮನೆ. ಬಸ್ ನಿಲ್ದಾಣದ ಹಿಂದೆ ಗಂಡ ಯುವರಾಜನ ಜೊತೆ ಇರುತ್ತಾಳೆ, ಮನೆಯ ಮುಂದಿನ ಕೋಣೆಯಲ್ಲೇ ರವಿಕೆ, ಜಂಪರ್ ಹೊಲಿಯುವ ಅಂಗಡಿ. ತಾಯಿ ಸರೋವರದ ಸುದ್ದಿ ತೆಗೆದದ್ದೇ ತಡ, ಹೊಲಿಗೆ ಯಂತ್ರ ನಿಂತಿತು.

“ಯವ್ವಾ, ಎಲ್ಲಾರಿಗೂ ಹಬ್ಬಕ್ಕ ತವರುಮನಿ ಇರ್ತೈತಿ. ಈ ಕ್ರಿಸ್ಮಸ್ಸಿಗೆ ನಾ ಎಲ್ಲಿಗೆ ಬರ್ಲಿ? ಕೀಲಿ ಹಾಕಿದ ಮನಿ ಮುಂದ ನಿಲ್ಲಲೇನು?”

ಸುನಂದಾ ಕಾರ್ಡನ್ನು ಚೀಲದಿಂದ ತೆಗೆಯಲೇ ಇಲ್ಲ. ಚಹಾ ಕುಡಿದು ಎದ್ದಳು. ಆಫ್ರಿಕಾದ ಹುಡುಗಿಯರಿಗೆ ತಾಯಿಯಾಗಲು ಕುಣಿಯುತ್ತ ಹೊರಟವಳಿಗೆ ಸ್ವಂತ ಮಗಳು ಕೇಳಿದ ಒಂದು ಪ್ರಶ್ನೆ ಎದೆಯಲ್ಲಿ ಕುಳಿತುಬಿಟ್ಟಿತು.

ಆಗಸ್ಟ್ ಇಪ್ಪತ್ತಕ್ಕೆ ಇಳಕಲ್ಲಿಗೆ ಬಂದರು. ಅಲ್ಲಿ ಮೊದಲು ಹೋದದ್ದು ಲಾಡಬಿಯ ಮನೆಗೆ. ಎಪ್ಪತ್ತು ದಾಟಿದ ಮುದುಕಿ, ಸೀರೆ ನೇಯುವ ಮನೆತನ. ಸೀರೆಗೆ ಹೊಂದುವ ಖಣವನ್ನು ಸುನಂದಾಳಿಂದ ತರಿಸಿ ಮಾರುತ್ತ ಮೂವತ್ತು ವರ್ಷವಾಗಿತ್ತು. ಬಾಯಿ ಬಲು ಜೋರು, ಮನಸ್ಸು ಅದಕ್ಕಿಂತ ದೊಡ್ಡದು.

“ಎಷ್ಟು ಮನಿ ತಿರುಗಿದಿ?” ಎಂದಳು ಸುದ್ದಿಯೆಲ್ಲ ಕೇಳಿಕೊಂಡು.

“ಮಗಳ ಮನಿ ಬಿಟ್ಟು ಇಪ್ಪತ್ತೊಂದು.”

“ಕಾರ್ಡೆಷ್ಟು ಆದೂವು?”

ಸುನಂದಾ ಚೀಲ ಬಿಚ್ಚಿದಳು. ಇಪ್ಪತ್ತೊಂದು ಖಣ ಹೊರಗೆ ಬಂದವು. ಬರೆದ ಕಾರ್ಡು ಒಂದೂ ಬರಲಿಲ್ಲ. ಲಾಡಬಿ ನಕ್ಕ ನಗುವಿಗೆ ಬಾಯಿಯ ಎಲೆಯಡಿಕೆ ನೆತ್ತಿಗೇರಿತು. ಕರುಣಾಕರ ಓಡಿಹೋಗಿ ನೀರು ತಂದ.

“ಗುಳೇದಗುಡ್ಡದಾಕಿ ಊರೂರು ತಿರುಗಿ ಖಣ ಕೂಡಿಸಿಕೊಂಡು ಬಂದಾಳಲ್ಲೋ ಯಪ್ಪಾ! ಏನ್ ಹುಚ್ಚಿ ಅದಿ ನೀ? ಬಾಯಿ ಎಲ್ಲಿಟ್ಟಿದ್ದಿ?”

“ಉಡಿಯೊಳಗ ಕಾಯಿ ಇಟ್ಟು ಕಳಿಸಾಕತ್ತಾರ. ಅವಾಗ ಕುಂತು ರೊಕ್ಕದ ಮಾತು ಹ್ಯಾಂಗ ತಗೀಲಿ ಅಮ್ಮಾ?”

“ಉಡಿ ತುಂಬಿದ್ರ ಏನಂದಂಗಾತು? ನೀ ನಮ್ಮನಿ ಮಗಳು ಅಂದಂಗಾತು. ಮಗಳಾದಾಕಿ ತವರುಮನ್ಯಾಗ ಕೇಳಾಕ ನಾಚತಾಳೇನು? ಸೀರಿ ಕೇಳತಾಳ, ಬಂಗಾರ ಕೇಳತಾಳ, ಕೊಡಲಿಲ್ಲಂದ್ರ ಅಣ್ಣನ ಜೋಡಿ ಜಗಳಾ ತಗೀತಾಳ. ನಿನಗ ಇಪ್ಪತ್ತೊಂದು ತವರುಮನಿ ಆದೂವು. ತಿರುಗಿ ಹೋಗು. ಚಪ್ಪಲಿ ಬಿಡೂಕಿಂತ ಮೊದಲ ಕೇಳು.”

ಸುನಂದಾ ತಟಕ್ಕನೆ ಎದ್ದು ನಿಂತಳು. ಎಂಟು ದಿನದಿಂದ ಇಳಿದುಹೋಗಿದ್ದ ಉಮೇದಿ ಒಮ್ಮೆಲೇ ಉಕ್ಕಿ ಬಂತು. “ಅಮ್ಮಾ, ನಿಮ್ಮದೂ ಒಂದು ಕಾರ್ಡು ಬರೀಲೇನು?” ಎಂದು ಅಲ್ಲೇ ಕೇಳಿಯೂ ಬಿಟ್ಟಳು.

“ನಿಮ್ಮ ಸಭಾದ ಕಾರ್ಡು ನನಗ್ಯಾಕ? ನಮ್ಮ ನಮಾಜು ನಮಗ, ನಿಮ್ಮ ಪ್ರಾರ್ಥನಾ ನಿಮಗ,” ಎಂದಳು ಲಾಡಬಿ. ಒಳಗಿನಿಂದ ನಾಲ್ಕು ಹಳೆಯ ಲಾಳಿ ತಂದಳು. ಅಡ್ಡ ಎಳೆ ಹಾಯಿಸುವ ಆ ಕಟ್ಟಿಗೆ ಕೈಯುಜ್ಜಿ ಕನ್ನಡಿಯಂತಾಗಿತ್ತು. “ಇವು ಮಲಾವಿಗೆ ಹೋಗ್ಲಿ. ಎಳಿಗೆ ಜಾತಿ ಇಲ್ಲ.”

ಆ ದಿನವೇ ಇಳಕಲ್ಲಿನಲ್ಲಿ ನಾಲ್ಕು ಕಾರ್ಡು ಆದವು. ಬಾಗಿಲಲ್ಲೇ ನಿಂತು, ಸರೋವರ ಗಿರೋವರ ಎಲ್ಲ ಬಿಟ್ಟು, “ನನ್ನ ಕಳಿಸಿಕೊಡ್ರಿ” ಎಂದು ಒಂದೇ ಮಾತು ಕೇಳಿದಳು. ಮರುದಿನದಿಂದ ಹಿಂದಿನ ದಾರಿ. ಹುನಗುಂದದ ನಿವೃತ್ತ ಕಂಡಕ್ಟರ್ ದೇವಪುತ್ರಪ್ಪ ಕಾರ್ಡನ್ನು ಟಿಕೆಟಿನ ಹಾಗೆ ಎರಡೂ ಕಡೆ ತಿರುಗಿಸಿ ನೋಡಿದ. “ಇದನ್ನ ಆವತ್ತ ಕೊಡಬೇಕಿಲ್ಲೇನವಾ, ನಿನ್ನ ಸಲುವಾಗಿ ಕಾಯಿ ತರಾಕ ಬಜಾರಕ್ಕ ಹೋಗಿದ್ದೆ!” ಎಂದು ಬೈದು ತಿಂಗಳಿಗೆ ಮುನ್ನೂರು ಬರೆದ. ವಿದ್ಯಾಗಿರಿಯ ಪ್ರಿಯದರ್ಶಿನಿಯವರು, “ಎಷ್ಟು ಕೊಡ್ಬೇಕಂತ ಕೇಳೂಣ ಅನ್ನೂದ್ರಾಗ ನೀವು ಎದ್ದು ಹೋಗಿಬಿಟ್ರಿ,” ಎಂದು ಪೆನ್ನು ಹಿಡಿದುಕೊಂಡೇ ಬಂದರು. ಒಂದು ಮನೆಗೆ ಬೀಗ ಇತ್ತು, ಎರಡು ಮನೆಯವರು ಆಗುವುದಿಲ್ಲ ಎಂದರು. ಆಗುವುದಿಲ್ಲ ಎಂದಾಗ ಅವಳಿಗೆ ಅವಮಾನವೇನೂ ಆಗಲಿಲ್ಲ. ತವರಿನಲ್ಲಿ ಅದೂ ಇದ್ದದ್ದೇ. ಪ್ರತಿ ಕಾರ್ಡಿಗೂ ಬಸ್ ನಿಲ್ದಾಣದಲ್ಲಿ ಒಂದೊಂದು ಚಹಾ ಕುಡಿದರು. ಕಬ್ಬಿಣದ ಮನುಷ್ಯ ಕರುಣಾಕರ ಕೂಡ ಸೀಟಿ ಹೊಡೆಯಲು ಹತ್ತಿದ.

ಮೂವತ್ತೊಂದರ ಬೆಳಿಗ್ಗೆ ಮೂವತ್ತೊಂಬತ್ತು ಕಾರ್ಡು ಕೈಯಲ್ಲಿದ್ದವು, ಅವುಗಳ ಫೋಟೊ ಕಳಿಸಿಯೂ ಆಗಿತ್ತು. ಸಭೆಗೆ ಸೇರಿದ, ಅವರು ಬಲ್ಲ ಎಲ್ಲ ಮನೆಗಳೂ ಮುಗಿದಿದ್ದವು. ಕೇಳದೆ ಉಳಿದದ್ದು ಒಂದೇ ಮನೆ.

“ಮಂಡಳಿಗೆ ಫೋನ್ ಮಾಡೂಣು. ಒಂದು ಕಮ್ಮಿ ಐತಿ, ನಡಸ್ಕೋರಿ ಅನ್ನೂಣು,” ಎಂದ ಕರುಣಾಕರ. ಮಗಳ ಮುಂದೆ ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

“ಮಂದಿನೆಲ್ಲ ಕೇಳಿ, ಹೊಟ್ಟ್ಯಾಗ ಹುಟ್ಟಿದಾಕಿನ್ನ ಕೇಳದ ಹೋದ್ರ ಅದು ಹೋಗೂದಲ್ರಿ, ಕದ್ದು ಓಡೂದು,” ಎಂದಳು ಸುನಂದಾ. ಮಧ್ಯಾಹ್ನದ ಬಸ್ಸಿಗೆ ಬಾದಾಮಿಗೆ ಹೋದರು.

ಅನುರಾಧಾ ಒಂದು ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಸುನಂದಾ ಹೊಸ್ತಿಲ ಹೊರಗೇ ನಿಂತು ಕಾರ್ಡು ಚಾಚಿದಳು.

“ನೀ ಬ್ಯಾಡ ಅಂದ್ರ ನಾ ಹೋಗಂಗಿಲ್ಲ, ಅನೂ. ಆದ್ರ ನನಗ ಹೋಗೂ ಆಸೆ ಭಾಳ ಐತಿ. ಹುಟ್ಟಿದಾಗಿಂದ ಯಾವುದಕ್ಕೂ ಇಷ್ಟು ಆಸೆ ಪಟ್ಟಿಲ್ಲ. ಅದನ್ನ ನಿನ್ನ ಮುಂದ ಮುಚ್ಚಿಡಾಕ ಆಗಂಗಿಲ್ಲ.”

ಮಗಳು ಹೊಲಿಗೆ ಬಿಟ್ಟು ತಾಯಿಯ ಮುಖ ನೋಡಿದಳು. ಸಿಟ್ಟು ಇನ್ನೂ ಇತ್ತು. ಆದರೆ ಅವ್ವ ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಕಾರ್ಡು ಇಸಿದುಕೊಂಡಳು. ಗಿರಾಕಿಯ ಅಳತೆಚೀಟಿ ಬರೆಯುವ ಹಾಗೆ ಸರಸರನೆ ಬರೆದು, ತಾಯಿಗೆ ತೋರಿಸದೆ ಗಂಡನ ಕೈಗೆ ಕೊಟ್ಟಳು. ಯುವರಾಜ ಫೋಟೊ ತೆಗೆದು ಕಳಿಸಿದಾಗ ನಾಲ್ಕೂ ಮುಕ್ಕಾಲು. ಅನುರಾಧಾ ಯಂತ್ರದ ಮೇಲೆ ಬಗ್ಗಿದವಳು ತಲೆ ಎತ್ತಲಿಲ್ಲ, ಆದರೆ ಗಾಲಿಯೂ ತಿರುಗಲಿಲ್ಲ.

ಐದು ನಿಮಿಷಕ್ಕೆ ಕಾರ್ಯದರ್ಶಿಯ ಫೋನು ಬಂತು.

“ಸುನಂದಾ ಅವರೇ, ಕೊನೆಯ ಕಾರ್ಡು ಸರಿಯಾಗಿಲ್ಲ. ಕೊಡುವುದೇನು ಎಂಬಲ್ಲಿ ‘ನಮ್ಮ ಅವ್ವ’ ಅಂತ ಬರೆದಿದ್ದಾರೆ. ಅವಧಿ, ‘ಮೂರೇ ವರ್ಷ, ಒಂದು ದಿನಾ ಹೆಚ್ಚಿಗಿಲ್ಲ’ ಅಂತಿದೆ. ಇದನ್ನು ನಾನು ಏನೆಂದು ಹಿಡಿಯಲಿ?”

ಸುನಂದಾ ಫೋನನ್ನು ಕಿವಿಗೆ ಹಿಡಿದೇ ಮಗಳ ಕಡೆ ನೋಡಿದಳು. ಮಗಳ ಕಣ್ಣೀರು ಯಾರದೋ ಜಂಪರಿನ ತೋಳಿನ ಮೇಲೆ ಬೀಳುತ್ತಿತ್ತು.

“ಸರ್, ಆಕಿ ಕಡೆ ಅದಕ್ಕಿಂತ ದೊಡ್ಡದು ಏನೂ ಇದ್ದಿಲ್ರಿ,” ಎಂದಳು.

ಆ ಕಡೆ ಪಟ್ಟಿಯ ಮೇಲೆ ಪೆನ್ನು ಸರಿದ ಸದ್ದಾಯಿತು. ಆಮೇಲೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, “ನಲವತ್ತು,” ಎಂದರು.