ತಂಗಿಯ ಗದ್ದದ ಕಲೆ

ಚರ್ಮದ ಆಸ್ಪತ್ರೆಯಲ್ಲಿ ಬೇಡದ ಕೂದಲು ತೆಗೆಯುವ ಲೇಸರ್ ಯಂತ್ರ ನಡೆಸುತ್ತಿದ್ದ ಅವಳನ್ನು ಎಲ್ಲರೂ ಲೇಸರಕ್ಕ ಎಂದೇ ಕರೆಯುತ್ತಿದ್ದರು. ಹೆದರಿಕೊಂಡು ಮಲಗಿದವರಿಗೆ, ಈ ಬೆಳಕು ಕಪ್ಪನ್ನು ಹುಡುಕಿಕೊಂಡು ಹೋಗುತ್ತದೆ, ಕೂದಲಿನ ಕಪ್ಪು ಹಿಡಿದು ಬುಡಕ್ಕೆ ಕಾವು ಇಳಿಸುತ್ತದೆ ಎಂದು ಬಿಡಿಸಿ ಹೇಳುತ್ತಿದ್ದಳು. ಚರ್ಮವೇ ಬಿಸಿಲಿಗೆ ಕಪ್ಪಾಗಿದ್ದರೆ ಮಾತ್ರ ಕಷ್ಟ. ಕಾವು ಮೇಲೇ ನಿಂತು ಚರ್ಮವನ್ನೇ ಸುಡುತ್ತದೆ. ಅದಕ್ಕೇ ಮೊದಲು ಒಂದು ಚುಕ್ಕೆಯಷ್ಟು ಜಾಗಕ್ಕೆ ಹಾಯಿಸಿ, ಕೆಲವು ದಿನ ಕಾದು ನೋಡುವುದು ಅಲ್ಲಿನ ಪದ್ಧತಿ.

ತಂಗಿಯ ವಿಷಯದಲ್ಲಿ ಅವಳು ಅದನ್ನು ಬಿಟ್ಟಳು.

ತಂಗಿ ಬಯಲು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು, ಬಿಸಿಲಿಗೆ ಮುಖ ಕಪ್ಪಾಗಿತ್ತು. ಗದ್ದದ ಮೇಲೆ ಗಂಡಸರಂತೆ ಒರಟು ಕೂದಲು. ಮದುವೆಯಾದ ಮೇಲೆ ದಿನವೂ ಗಂಡ ಏಳುವ ಮುಂಚೆ ಬಚ್ಚಲ ಬಾಗಿಲು ಹಾಕಿಕೊಂಡು ಬ್ಲೇಡು ಆಡಿಸುತ್ತಿದ್ದಳು. ಇದು ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೇ. ಇವತ್ತೇ ಮಾಡಿಬಿಡು ಎಂದು ತಂಗಿ ಗೋಗರೆದಳು. ಮನೆಯವಳೇ ತಾನೇ ಎಂದುಕೊಂಡು ಅಕ್ಕ ಯಂತ್ರ ಹಚ್ಚಿದಳು. ಉರಿಯುತ್ತಿದೆ ಎಂದು ತಂಗಿ ನರಳಿದಾಗಲೂ, ಸ್ವಲ್ಪ ತಡೆದುಕೋ ಎಂದಳು.

ಸಂಜೆಗೆ ಬೊಬ್ಬೆ ಎದ್ದವು. ಅವು ಒಡೆದು ಒಣಗಿದ ಮೇಲೆ ಗದ್ದದ ತುಂಬ ಕಪ್ಪು ಕಲೆ ಉಳಿದವು. ಡಾಕ್ಟರು ಮುಲಾಮು ಬರೆದುಕೊಟ್ಟರು, ಬಿಸಿಲಿಗೆ ಬೀಳದಿದ್ದರೆ ನಿಧಾನಕ್ಕೆ ತಿಳಿಯಾಗುತ್ತದೆ ಎಂದರು, ಲೇಸರಕ್ಕನನ್ನು ಒಳಗೆ ಕರೆದು ಚೆನ್ನಾಗಿ ಬೈದರು. ಬೈದದ್ದು ಅವಳಿಗೆ ಸಾಲದೇ ಹೋಯಿತು. ತಂಗಿ ಅವಳನ್ನು ದೂರಿರಲೇ ಇಲ್ಲ. ಗಂಡನ ಮನೆಯಲ್ಲಿ, ಬಾಣಲೆಯ ಎಣ್ಣೆ ಸಿಡಿಯಿತು ಎಂದು ಹೇಳಿಬಿಟ್ಟಿದ್ದಳು.

ಒಂದು ಭಾನುವಾರ ಲೇಸರಕ್ಕ ತಂಗಿಯ ಮನೆಗೆ ಊಟಕ್ಕೆ ಹೋದಳು. ತಂಗಿಯ ಅತ್ತೆ ಬಡಿಸುತ್ತಾ, ಒಲೆ ಮುಂದೆ ನಿಂತರೆ ಇವಳಿಗೆ ಮೈಮೇಲೆ ಎಚ್ಚರವಿರುವುದಿಲ್ಲ ಎಂದು ಆಡಿಕೊಂಡರು. ತಂಗಿ ತಲೆ ತಗ್ಗಿಸಿದಳು. ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು.

"ಅವಳದ್ದೇನೂ ತಪ್ಪಿಲ್ಲ. ಕೂದಲು ತೆಗೆಯೋಕೆ ಹೋಗಿ ನಾನೇ ಸುಟ್ಟಿದ್ದು" ಎಂದುಬಿಟ್ಟಳು.

ಯಾವ ಕೂದಲು ಎಂದು ಅತ್ತೆ ಕೇಳಿದರು. ತಂಗಿಯ ಗಂಡ ತಟ್ಟೆಯಿಂದ ಕಣ್ಣೆತ್ತಿ ಹೆಂಡತಿಯ ಗದ್ದ ನೋಡಿದ. ತಾನೇನು ಮಾಡಿದೆ ಎಂದು ಅಕ್ಕನಿಗೆ ಹೊಳೆದದ್ದು ಆಗಲೇ.

ಬೀಳ್ಕೊಡಲು ಬಾಗಿಲವರೆಗೆ ಬಂದ ತಂಗಿ ಮೆಲ್ಲಗೆ ಹೇಳಿದಳು: "ಸುಟ್ಟಿದ್ದನ್ನ ಅವತ್ತೇ ಮರ್ತಿದ್ದೆ ಅಕ್ಕಾ. ಎಣ್ಣೆ ಅಂತ ಹೇಳಿದ್ದು ನಿನ್ನನ್ನ ಕಾಪಾಡೋಕಲ್ಲ, ನನ್ನ ಮಾನಕ್ಕೆ. ನೀನು ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ಗುಟ್ಟು ಬಿಚ್ಚಿಟ್ಟೆ."

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು.

ಬರಬರುತ್ತಾ ಕಲೆ ಮಾಸಿತು. ಗಂಡ ಅದನ್ನು ದೊಡ್ಡದು ಮಾಡಲಿಲ್ಲ. ಅತ್ತೆಯ ಕಣ್ಣು ಮಾತ್ರ ಮಾತಿನ ನಡುವೆ ಗದ್ದಕ್ಕೆ ಇಳಿಯುತ್ತಲೇ ಇತ್ತು. ಅಕ್ಕತಂಗಿಯರು ಮತ್ತೆ ಫೋನಿನಲ್ಲಿ ಹರಟತೊಡಗಿದರು. ತಂಗಿ ಈಜುಕೊಳದ ಮಕ್ಕಳ ತಮಾಷೆ ಹೇಳುತ್ತಿದ್ದಳು, ಲೇಸರಕ್ಕ ನಗುತ್ತಿದ್ದಳು. ಆದರೆ ತಂಗಿ ಬಸುರಿ ಎಂಬ ಸುದ್ದಿ ಅವಳಿಗೆ ಸಿಕ್ಕಿದ್ದು ಅಮ್ಮನ ಬಾಯಿಂದ. ಎಲ್ಲರಿಗೂ ಗೊತ್ತಾದ ಮೇಲೆ.