ಚಂದ್ರಿಗೆ ವರ ನೋಡಿದ್ದು

ಸಂಬಂಧ ಕುದುರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಸೊಕ್ಕು ನನಗಿತ್ತು. ಅದನ್ನು ಇಳಿಸಿದ್ದು ನಮ್ಮ ಮನೆಯ ನಾಯಿ.

ಚಂದ್ರಿ ಮುಧೋಳ ತಳಿಯವಳು. ತೆಳ್ಳನೆಯ ನಡು, ಉದ್ದ ಮೂತಿ. ಅಮರಗೋಳದ ಮೆಣಸಿನಕಾಯಿ ಅಂಗಡಿಯಿಂದ ನಾನು ಮನೆಗೆ ಬಂದರೆ ಮೊದಲು ಸೀನುತ್ತಾಳೆ, ಆಮೇಲೆ ಬಾಲ ಅಲ್ಲಾಡಿಸುತ್ತಾಳೆ. ಹೋದ ಸಲ ನಾಲ್ಕು ಮರಿ ಹಾಕಿದ್ದಳು. ವಾರದೊಳಗೆ ನಾಲ್ಕೂ ಸತ್ತುಹೋದವು. ಖಾಲಿ ಗೋಣಿಚೀಲ ಮೂಸುತ್ತ ಕೂತ ಅವಳನ್ನು ನೋಡಿ ನನ್ನ ಹೆಂಡತಿ, "ಇನ್ನೊಮ್ಮೆ ಹಿಂಗ ಆದ್ರ ನಾ ತಡಕೊಳ್ಳೂದಿಲ್ಲ ನೋಡ್ರಿ" ಎಂದಳು.

ಹೋದ ಸಲದ ಗಂಡು ಧಾರವಾಡದ ನನ್ನ ಷಡ್ಡಕ ಬಸಣ್ಣನ ಮನೆಯ ಮುದಿ ನಾಯಿ. ವಯಸ್ಸಿನದೇ ದೋಷ ಎಂದು ತೀರ್ಮಾನಿಸಿ ಈ ಸಲ ಅದೇ ಮನೆಯ ಎಳೆಯ ನಾಯಿ ರಾಜಾನನ್ನು ಗೊತ್ತು ಮಾಡಿದೆ. ರಾಜಾ, ಚಂದ್ರಿ ಒಂದೇ ಅಜ್ಜನ ಮೊಮ್ಮಕ್ಕಳು. ಸೋದರಮಾವನ ಮನೆಗೆ ಕೊಟ್ಟರೆ ಹುಡುಗಿ ಸುಖವಾಗಿರುತ್ತಾಳೆಂದು ನಂಬುವ ನಮ್ಮಂಥವರಿಗೆ ಇದಕ್ಕಿಂತ ಭರವಸೆ ಬೇಕೆ? ಪ್ರತಿಯಾಗಿ ಬಸಣ್ಣ ಎರಡು ಮರಿ ಕೇಳಿದ, ಒಂದಕ್ಕೆ ಇಳಿಸಿದೆ. ನಾಯಿಗಳ ಪರವಾಗಿ ನಾವಿಬ್ಬರೇ ಸಕ್ಕರೆ ತಿಂದು ಮಾತು ಗಟ್ಟಿ ಮಾಡಿದೆವು.

ವಿದ್ಯಾನಗರದ ಪಶುವೈದ್ಯೆ ಮಾತ್ರ ಒಪ್ಪಲಿಲ್ಲ. ಎರಡೂ ನಾಯಿಗಳ ಗಲ್ಲದೊಳಗೆ ಹತ್ತಿಯ ಕಡ್ಡಿ ತಿರುಗಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂತು.

"ಕಾಕಾ, ಇವೆರಡರ ಜೀನು ಭಾಳ ಕೂಡತಾವ."

"ಕೂಡಿದ್ರ ಛಲೋನ ಅಲ್ಲೇನ್ರಿ? ಜಾತಕಾನೂ ಕೂಡಬೇಕಂತೀವಿ."

"ಇಲ್ಲೆ ಕೂಡಬಾರದ್ರಿ. ಅಪ್ಪನ ಕಡಿಂದ ಬಂದ ದೋಷನ ಅವ್ವನ ಕಡಿಂದನೂ ಬಂದ್ರ ಮರಿ ಯಾತರ ಮ್ಯಾಲೆ ನಿಲ್ಲಬೇಕು? ಹೋದ ಸಲದ ಗಂಡೂ ಇದ ರಕ್ತದ್ದಲ್ಲೇನ್ರಿ?"

ನಮ್ಮ ಪೇಟೆಯಲ್ಲಿ ಮಾಲು ಒಂದೇ ಬಣ್ಣ, ಒಂದೇ ಉದ್ದ ಇದ್ದರೆ ದರ ಏರುತ್ತದೆ. ಜೀವಕ್ಕೆ ಆ ಲೆಕ್ಕ ಗೊತ್ತಿಲ್ಲ, ಅದು ಬೆರಕೆಯನ್ನೇ ಬೇಡುತ್ತದೆ. ನಾಯಿ ಸಾಕುವವರಿಗೆ ನನ್ನ ಬಿಟ್ಟಿ ಸಲಹೆ: ಪ್ರದರ್ಶನದಲ್ಲಿ ಗೆದ್ದ ಪದಕ ಆಮೇಲೆ ನೋಡಿ, ಮೊದಲು ಪರೀಕ್ಷೆ ಮಾಡಿಸಿ. ವರದಿಯ ಜೊತೆ ಚೌಕಾಸಿ ಮಾಡಬೇಡಿ. "ಸ್ವಲ್ಪ ಅಡ್ಜಸ್ಟ್ ಮಾಡ್ರಿ" ಎಂದು ನಾನು ಕೇಳಿ ನೋಡಿದ್ದೇನೆ, ನಡೆಯುವುದಿಲ್ಲ.

ಕೊಟ್ಟ ಮಾತು ಹಿಂದೆ ಪಡೆಯಲು ಧಾರವಾಡಕ್ಕೆ ಹೋದೆ.

"ನಮ್ಮ ರಾಜಾಗ ಏನ್ ಕಡಿಮಿ ಆಗೈತೋ?" ಬಸಣ್ಣ ಕೆರಳಿದ.

"ಕಡಿಮಿ ಅಲ್ಲೋ ಮಾರಾಯಾ. ಚಂದ್ರಿಯೊಳಗ ಇರೂದೆಲ್ಲ ಅವನೊಳಗೂ ಐತಿ, ಅದ ತೊಂದ್ರಿ."

"ನಿನ್ನ ಬಾಯಿ ಹಿಂಗ ತಿರುಗತೈತಂತ ಗೊತ್ತಿದ್ರ ಸಕ್ರಿ ಬದಲಿ ಉಪ್ಪ ಹಾಕ್ತಿದ್ದೆ!"

ಮೂರು ತಿಂಗಳು ಅವನು ನನ್ನ ಫೋನು ಎತ್ತಲಿಲ್ಲ.

ಕೊನೆಗೆ ಪರೀಕ್ಷೆ ಒಪ್ಪಿದ್ದು ನವಲಗುಂದದ ಕಡೆ ಕುರಿ ಕಾಯುವ ನಾಗಪ್ಪನ ನಾಯಿಯನ್ನು. ತಳಿ ಅದೇ, ರಕ್ತ ದೂರದ್ದು. ಒಂದು ಕಿವಿ ಹರಿದಿತ್ತು, ವಂಶಾವಳಿಯ ಕಾಗದ ಇರಲಿಲ್ಲ. ಚಂದ್ರಿ ಎರಡರ ಬಗ್ಗೆಯೂ ಕೇಳಲಿಲ್ಲ.

ಐದು ಮರಿ ಹುಟ್ಟಿದವು. ಎಂಟನೆಯ ದಿನ ಬೆಳಿಗ್ಗೆ ಹೆಂಡತಿ ಎಣಿಸಿದಳು, ಐದು. ನಂಬಿಕೆ ಬಾರದೆ ನನ್ನನ್ನೂ ಕರೆದು ಎಣಿಸಲು ಹೇಳಿದಳು. ಐದೇ.

ಸುದ್ದಿ ತಿಳಿದು ಬಸಣ್ಣ ಕರೆಯದೆಯೇ ಬಂದ, ಕುಂದು ಹುಡುಕಲಿಕ್ಕೆ. "ಒಂದೂ ಒಂದರಂಗ ಇಲ್ಲಲ್ಲೋ!" ಎಂದು ಮೂಗು ಮುರಿಯುತ್ತಲೇ ಕೂತ. ಕಪ್ಪು ಮರಿಯೊಂದು ಅವನ ಹೆಬ್ಬೆರಳು ಚೀಪತೊಡಗಿತು. ಅರ್ಧ ತಾಸು ಅವನು ಬೆರಳು ತೆಗೆಯಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಕೇಳಿದ: "ಆ ನಾಗಪ್ಪನ ಕಡೆ ಹೆಣ್ಣ ನಾಯಿ ಅದಾವೇನು? ನಮ್ಮ ರಾಜಾಗ." ಎರಡು ಹೆಜ್ಜೆ ಹೋಗಿ ತಿರುಗಿ, "ಡಾಕ್ಟರಬಾಯಿ ನಂಬರೂ ಕೊಡು" ಎಂದ.

ಹೇಳಲು ನನ್ನ ಬಳಿ ಹತ್ತು ಸಲಹೆಗಳಿದ್ದವು. ನಂಬರು ಮಾತ್ರ ಬರೆದುಕೊಟ್ಟೆ. ತಾವಾಗಿ ಕೇಳಿದವರಿಗೆ ಅಷ್ಟೇ ಸಾಕು.