ಕಾಶಿಬಾಯಿಯ ಬಾವಿಯ ಹಸಿರು

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ನಾನು ಎಂದೂ ನಂಬಿದವನಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ, ಸರಿಯಾಗಿ ನೋಡಿರುವುದಿಲ್ಲ ಎಂಬುದು ವರದಿಗಾರನಾದ ನನ್ನ ಅಭಿಪ್ರಾಯವಾಗಿತ್ತು. ಈಗ ಹೇಳಹೊರಟಿರುವುದನ್ನು ನಾನು ಸರಿಯಾಗಿಯೇ ನೋಡಿದ್ದೇನೆ. ಅದೇ ತೊಂದರೆ.

ಕೆಲವು ವರ್ಷಗಳ ಹಿಂದಿನ ಮಾತು. ಸೇಡಂ ಕಡೆ, ಕಾಗಿಣಾ ಕಣಿವೆಯ ಒಂದು ಕಾರ್ಖಾನೆಯ ಹಿಂದೆ ಹೊಲಸು ನೀರಿನ ಹೊಂಡವಿತ್ತು. ಹೊಂಡಕ್ಕೂ ಹೊಳೆಗೂ ನಡುವೆ ಕಾಶಿಬಾಯಿ ಎಂಬ ಹಿರಿಯ ಹೆಂಗಸಿನ ಬಾವಿ. ಇಡೀ ಓಣಿ ಕುಡಿಯುತ್ತಿದ್ದದ್ದು ಅದೇ ನೀರು. ಹೊಂಡದ ನೀರು ತಮ್ಮ ಬಾವಿಗೆ ಇಳಿಯುತ್ತಿದೆ ಎಂದು ಕಾಶಿಬಾಯಿ ದೂರು ಕೊಟ್ಟಿದ್ದರು, ಕಾರ್ಖಾನೆಯವರು ಒಪ್ಪಿರಲಿಲ್ಲ. ಕೊನೆಗೆ ಅಧಿಕಾರಿಗಳ ಮುಂದೆ ಮಾತಾಯಿತು. ಹೊಂಡಕ್ಕೆ ಬಣ್ಣ ಹಾಕುವುದು; ಅದು ಬಾವಿಯಲ್ಲಿ ಕಾಣಿಸಿಕೊಂಡರೆ ಕಾರ್ಖಾನೆ ಓಣಿಗೆ ನಳ ಹಾಕಿಸಿಕೊಡುವುದು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಹೋಗಿದ್ದೆ. ಕಾಶಿಬಾಯಿ ಆಗಷ್ಟೇ ಸೇದಿದ ನೀರನ್ನು ಗಾಜಿನ ಗ್ಲಾಸಿನಲ್ಲಿ ಕೊಟ್ಟರು. ಬಿಸಿಲು ಬಿದ್ದಾಗ ನೀರಿನೊಳಗೆ ಹಸಿರು ಕಂಡಿತು. ಪಾಚಿಯ ಹಸಿರು ಮಂಕಾಗಿರುತ್ತದೆ, ಇದು ಹೊಳೆಯುತ್ತಿತ್ತು. ಗ್ಲಾಸನ್ನು ಎತ್ತಿ ಹಿಡಿದು ನೋಡಿದೆ.

“ಏನ್ ತಮ್ಮಾ, ಪೇಪರ್‌ನೋರು ನೀರೂ ಓದ್ತೀರೇನು?” ಎಂದು ನಕ್ಕರು.

ಗ್ಲಾಸನ್ನು ಬಾವಿಯ ಕಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದೆ. ಸುದ್ದಿಗೆ ಒಂದು ಚಿತ್ರ ಬೇಕಿತ್ತು, ಅಷ್ಟೇ.

ಬಣ್ಣ ಹಾಕಬೇಕಿದ್ದ ಭೂವಿಜ್ಞಾನಿ ಬಂದದ್ದು ಮಧ್ಯಾಹ್ನ. ಕಲಬುರಗಿಯವರೇ, ಗಡಿಬಿಡಿಯಿಲ್ಲದ ಮನುಷ್ಯ. ಮೇಲೆ ಕರಿಮಣ್ಣು, ಕೆಳಗೆ ಹೊಳೆ ಯಾವ ಕಾಲದಲ್ಲೋ ತಂದು ಹಾಕಿದ ಮರಳು ಮತ್ತು ಗರಸು, ಅದರಡಿ ಸುಣ್ಣದ ಕಲ್ಲಿನ ಪದರಗಳು ಎಂದು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ನೀರು ನಿಲ್ಲುವುದೂ ಸರಿಯುವುದೂ ಆ ಮರಳಿನಲ್ಲಿ, ಅದೂ ಬಹಳ ನಿಧಾನವಾಗಿ. ಬಣ್ಣ ಬಾವಿ ಮುಟ್ಟಲು ವಾರಗಳೇ ಬೇಕು ಎಂದರು. ಎಲ್ಲರೆದುರು ಡಬ್ಬಿಯ ಸೀಲು ಒಡೆದು ಪುಡಿ ಸುರಿದರು. ಕೆಂಪು ಪುಡಿ ನೀರಿಗೆ ಬಿದ್ದೊಡನೆ ಹೊಳೆಯುವ ಹಸಿರಾಗಿ ಹರಡಿತು.

ಬೆಳಿಗ್ಗೆ ಗ್ಲಾಸಿನಲ್ಲಿ ನಾನು ಕಂಡ ಹಸಿರು ಅದೇ.

ಅವರನ್ನು ಕರೆದುಕೊಂಡು ಬಾವಿಗೆ ಹೋದೆ. ನೀರು ತಿಳಿಯಾಗಿತ್ತು. ಬಿಸಿಲಿಗೆ ಹಿಡಿದರೂ ಏನೂ ಇಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹಿಂದೆ ಇಲ್ಲಿ ಯಾರೂ ಬಣ್ಣ ಹಾಕಿರಲಿಲ್ಲ. ಯಾರಾದರೂ ಬಾವಿಗೇ ಬೆರೆಸಿದ್ದರೆ ಅದು ಅರ್ಧ ದಿನದಲ್ಲಿ ಮಾಯವಾಗುವಂಥದ್ದಲ್ಲ. ಭೂವಿಜ್ಞಾನಿ ನನ್ನ ಮೊಬೈಲಿನಲ್ಲಿ ಚಿತ್ರವನ್ನೂ ಅದನ್ನು ತೆಗೆದ ಹೊತ್ತನ್ನೂ ನೋಡಿದರು.

“ಫೋಟೊ ಖರೇ ಅದ ರೀ. ಆದ್ರ ಬಣ್ಣ ಹಾಕೂದಕ್ಕಿಂತ ಮೊದಲಿಂದು ನಾ ಹ್ಯಾಂಗ ಬರೀಲಿ?”

ಮುಂದೆ ವಾರಗಟ್ಟಲೆ ಬಾವಿಯ ನೀರು ಪರೀಕ್ಷಿಸಿದರು. ಹಸಿರು ಬರಲೇ ಇಲ್ಲ. ಹೊಂಡಕ್ಕೂ ಬಾವಿಗೂ ಸಂಬಂಧ ಕಂಡುಬಂದಿಲ್ಲ ಎಂದು ವರದಿಯಾಯಿತು, ನಳದ ಮಾತು ಅಲ್ಲಿಗೇ ನಿಂತಿತು. ನನ್ನ ಚಿತ್ರವನ್ನು ಸಂಪಾದಕರು ಹಾಕಲಿಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಹಾಕುತ್ತಿರಲಿಲ್ಲ.

ಸುದ್ದಿ ತಿಳಿಸಲು ಹೋದಾಗ ಕಾಶಿಬಾಯಿ ಸಿಟ್ಟಾಗಲಿಲ್ಲ. “ನೀರು ಮೊದಲೇ ಬಂದು ಹೇಳಿ ಹೋಗ್ಯಾದ. ನೀವೇ ತಡಾ ಮಾಡಿ ಬಂದ್ರಿ” ಎಂದು ರಾಟೆಯ ಹಗ್ಗ ಬಿಚ್ಚಿಟ್ಟರು. ಅಂದಿನಿಂದ ಓಣಿಯವರು ದೊಡ್ಡ ರಸ್ತೆ ದಾಟಿ ಆಚೆಯ ನಳದಿಂದ ನೀರು ಹೊರುತ್ತಾರೆ.

ಮೊಬೈಲು ಬದಲಾದರೂ ಆ ಚಿತ್ರವನ್ನು ಉಳಿಸಿಕೊಂಡಿದ್ದೇನೆ. ತೆಗೆದ ಹೊತ್ತೂ ಅದರಲ್ಲೇ ಇದೆ. ತಿಳಿದವರಿಗೆಲ್ಲ ತೋರಿಸಿದೆ, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು, ಯಾವುದೂ ಕೊನೆಯವರೆಗೆ ನಿಲ್ಲಲಿಲ್ಲ.

ಹೋದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದೆ. ಕಾಶಿಬಾಯಿ ನೀರು ತಂದುಕೊಟ್ಟರು. ನನಗರಿವಿಲ್ಲದೆ ಗ್ಲಾಸನ್ನು ಬಿಸಿಲಿಗೆ ಹಿಡಿದಿದ್ದೆ.

“ಕುಡಿ ತಮ್ಮಾ, ಇದು ರೋಡಿನಾಚಿ ನಳದ್ದು. ಇದಕ್ಕ ಹೇಳಲಿಕ್ಕ ಏನೂ ಇಲ್ಲ.”

ಕುಡಿದೆ. ಹೊರಡುವ ಮುನ್ನ ಬಾವಿಯೊಳಗೆ ಇಣುಕಿದೆ. ತಿಳಿ ನೀರು, ಅದರಲ್ಲಿ ನನ್ನ ತಲೆ.